ಕಿವಿಯ ಹಿಂದಿನ ಮಚ್ಚೆ

ಶಹಾಬಾದಿನ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ನನ್ನ ಹೆಸರಿನಿಂದ ಕರೆಯುತ್ತಿರಲಿಲ್ಲ. ಇಟ್ಟ ಹೆಸರು ಗುರುನಾಥ. ಇಟ್ಟವರೇ ಅದನ್ನು ತೊಟ್ಟಿಲ ಮುಂದೆ ಒಂದು ಸಲ ಅಂದು ಅಲ್ಲಿಗೇ ಬಿಟ್ಟುಬಿಟ್ಟರು. ಆಯಿ, ಅಂದರೆ ಅಪ್ಪನ ತಾಯಿ, ಮತ್ತು ಅವ್ವ ಇಬ್ಬರೂ ನನ್ನನ್ನು ಶರಣು ಎನ್ನುತ್ತಿದ್ದರು. ಶರಣು ನನ್ನ ಅಣ್ಣ. ನಾನು ಹುಟ್ಟುವ ಮುಂಚೆಯೇ ಕಲ್ಲಿನ ಖಣಿಯ ನೀರಿನಲ್ಲಿ ಬಿದ್ದು ಸತ್ತವನು. ಅಪ್ಪನಿಗೆ ಎರಡೂ ಹೆಸರಿನ ತಂಟೆ ಬೇಡವಾಗಿತ್ತು. ಸುಮ್ಮನೆ ‘ತಮ್ಮಾ’ ಅನ್ನುತ್ತಿದ್ದ, ಸಿಟ್ಟು ಬಂದರೆ ‘ಲೇ’. ಹೀಗೆ ಬುದ್ಧಿ ಬಂದಾಗಿನಿಂದ ಸತ್ತವನ ಹೆಸರಿಗೆ ಓಗೊಡುತ್ತಲೇ ನಾನು ಬೆಳೆದೆ. ಅದರಲ್ಲಿ ವಿಶೇಷವೇನೋ ಇದೆ ಅಂತ ಬಹಳ ದಿನ ಅನಿಸಿರಲೂ ಇಲ್ಲ. ಎಲ್ಲರ ಮನೆಯ ಮಕ್ಕಳೂ ಮೊದಲೊಂದು ಸಲ ಬಂದು ಹೋಗಿರುತ್ತಾರೆ ಅಂತಲೇ ತಿಳಿದುಕೊಂಡಿದ್ದೆ.

ಮನೆ ಪೂರಾ ಕಲ್ಲಿನದು. ನಮ್ಮೂರಲ್ಲಿ ಕಲ್ಲು ಅಗ್ಗ, ಕಟ್ಟಿಗೆ ತುಟ್ಟಿ. ನೆಲಕ್ಕೂ ಪರಸಿ ಹಾಸುಗಲ್ಲು, ಗೋಡೆಗೂ ಪರಸಿ, ಮಾಳಿಗೆಗೂ ಪರಸಿ. ಚಳಿಗಾಲದಲ್ಲಿ ಅಂಗಾಲು ಮರಗಟ್ಟುತ್ತಿತ್ತು, ಬೇಸಿಗೆಯಲ್ಲಿ ಬೆನ್ನು ಊರಲು ಆಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಖಣಿಯಲ್ಲಿ ಮದ್ದು ಹಾರಿಸುತ್ತಿದ್ದರು. ಮೊದಲು ಸೀಟಿ, ಆಮೇಲೆ ಸದ್ದು, ಆಮೇಲೆ ಮಾಳಿಗೆಯ ಸಂದಿನಿಂದ ಗಂಗಾಳಕ್ಕೆ ಉದುರುವ ಸಣ್ಣ ಮಣ್ಣು. ಸೀಟಿ ಕೇಳಿದ ಕೂಡಲೇ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಿಂದಲೇ ನನ್ನ ರಟ್ಟೆ ಹಿಡಿದುಕೊಳ್ಳುತ್ತಿದ್ದಳು. ಸದ್ದು ಅಡಗಿ, ಮಣ್ಣು ಉದುರಿ, ಎಲ್ಲ ಸುಮ್ಮನಾದ ಮೇಲೂ ಬಿಡುತ್ತಿರಲಿಲ್ಲ. ಪಡಸಾಲೆಯ ಗೋಡೆಯಲ್ಲಿ ಒಂದು ಗೂಟವಿತ್ತು. ಅದಕ್ಕೆ ಅಣ್ಣನ ಶಾಲೆಯ ಬಿಳಿ ಅಂಗಿ. ಸೋಮವಾರಕ್ಕೊಮ್ಮೆ ಅವ್ವ ಅದನ್ನು ಒಗೆದು ಒಣಗಿಸಿ ಮತ್ತೆ ಅಲ್ಲೇ ತೂಗುಹಾಕುತ್ತಿದ್ದಳು. ಯಾರೂ ತೊಡದ ಅಂಗಿ ಹೊಲಸಾಗುವುದಾದರೂ ಹೇಗೆ ಅಂತ ನಾನು ಕೇಳಲಿಲ್ಲ. ಗಾಳಿ ಬೀಸಿದಾಗ ಅದರ ತೋಳು ಅಲ್ಲಾಡುತ್ತಿತ್ತು. ಅದಕ್ಕೆ ಬೆನ್ನು ಮಾಡಿ ಮಲಗಲು ನನಗೆ ಧೈರ್ಯವಿರಲಿಲ್ಲ.

ಪಂಚಮಿ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯಬೇಕು. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ತುಂಬಿರುತ್ತದೆ, ಹೆಂಗಸರು ಕೌದಿಗಳನ್ನು ಅಲ್ಲಿಗೇ ಹೊತ್ತು ಒಯ್ಯುತ್ತಿದ್ದರು. ಅಣ್ಣ ಸತ್ತ ವರ್ಷ ಆಯಿ ಹೋದಳು, ಅವಳ ಬೆನ್ನು ಹತ್ತಿ ಅವನೂ ಹೋದ. ಎರಡನೇ ಇಯತ್ತೆಯ ಹುಡುಗ. ನೀರು ಕುಡಿದ ಕೌದಿಯನ್ನು ಎತ್ತಿ ಬಡಿಯಲು ಎರಡೂ ಕೈ ಬೇಕು, ಕಣ್ಣೂ ಅದರ ಮೇಲೇ ಇರಬೇಕು. ಆಯಿ ತಿರುಗಿ ನೋಡಿದಾಗ ದಂಡೆಯ ಮೇಲೆ ಹುಡುಗನಿರಲಿಲ್ಲ. ನನಗೆ ಗೊತ್ತಾದದ್ದು ಇಷ್ಟೇ, ಅದೂ ಅಕ್ಕಪಕ್ಕದವರು ಹೇಳಿದ್ದು. ಆಯಿ ಆ ದಿನದ ಬಗ್ಗೆ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ ಅನ್ನುತ್ತಿದ್ದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ಮೈ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ಹಾಗೆ ಕೂಡಿಸಿದ ಮೊಮ್ಮಗನ ಎದುರು ಕೂತು ಮುಖ ತೊಳೆಯುವಾಗ ಆಯಿ ದೀಪದ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಅವನ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟಳು. ಹೋದ ಕೂಸು ಅದೇ ಹೊಟ್ಟೆಯಲ್ಲಿ ಮತ್ತೆ ಬಂದರೆ ಗುರುತು ಸಿಗಲಿ ಅಂತ. ಹಿಂದಿನ ಕಾಲದ ಹೆಂಗಸರು ಗಂಡಸರಿಗೆ ಗೊತ್ತಾಗದ ಹಾಗೆ ಇಂಥವನ್ನು ಮಾಡುತ್ತಿದ್ದರಂತೆ. ಮರುವರ್ಷ ನಾನು ಹುಟ್ಟಿದೆ. ಅವ್ವ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು, ಎದೆಹಾಲು ಕೊಡಲಿಲ್ಲ. ಆಯಿ ಆಡಿನ ಹಾಲನ್ನು ಅರಳೆಯಲ್ಲಿ ಅದ್ದಿ ನನ್ನ ಬಾಯಿಗೆ ಹಿಂಡುತ್ತಿದ್ದಳು. ಕೆಲವು ದಿನ ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಆಯಿ ನನ್ನನ್ನು ಎತ್ತಿಕೊಂಡು ಹೋಗಿ ಸೊಸೆಯ ಮುಂದೆ ಹಿಡಿದು ಕಿವಿ ಮಡಚಿ ತೋರಿಸಿದಳು.

“ನೋಡವ್ವ ಶಿವಲೀಲಾ, ಇಲ್ಲಿ ನೋಡು. ಬಂದಾನ. ನಿನ್ನ ಮಗ ತಿರುಗಿ ಬಂದಾನ.”

ನನ್ನ ಬಲಗಿವಿಯ ಹಿಂದೆ ಎಳ್ಳಿನಷ್ಟು ಕಪ್ಪು ಮಚ್ಚೆ. ಅವ್ವ ಆ ಕ್ಷಣವೇ ನನ್ನನ್ನು ಎದೆಗೆ ಹಚ್ಚಿಕೊಂಡಳು. ಈ ಕಥೆಯನ್ನು ಆಯಿ ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಮಚ್ಚೆಯನ್ನು ಓಣಿಯವರೆಲ್ಲ ನೋಡಿದ್ದಾರೆ. ನನ್ನ ಮೈಮೇಲೆಯೇ ಇದ್ದರೂ ನನ್ನ ಕಣ್ಣಿಗೆ ಮಾತ್ರ ಅದು ಬೀಳುತ್ತಿರಲಿಲ್ಲ.

ಮಠದ ಅಯ್ಯನವರಿಗೆ ಇದು ಸರಿಬೀಳಲಿಲ್ಲ. ಒಂದು ದಿನ ಪಡಸಾಲೆಯಲ್ಲಿ ಕೂತು, ಚಹಾದ ಬಟ್ಟಲು ಕೈಯಲ್ಲಿ ಹಿಡಿದೇ ಆಯಿಗೆ ಹೇಳಿದರು:

“ಮೈಮ್ಯಾಲ ಲಿಂಗ ಇದ್ದವಂಗ ಮತ್ತ ಜನ್ಮ ಎಲ್ಲಿಂದ ಬಂತು ಯಮ್ಮಾ? ಅಂವ ಶಿವನಾಗ ಕೂಡಿಹೋದ. ಮುಗೀತು.”

“ಅಂವ ಸಣ್ಣಾಂವ್ರಿ ಅಯ್ನೋರೆ,” ಅಂದಳು ಆಯಿ. “ಅಷ್ಟು ದೂರದ ಹಾದಿ ಅವಂಗೇನು ಗೊತ್ತಾಗಬೇಕು? ಅರ್ಧಾ ಹಾದಿ ಹೋಗ್ಯಾನ, ಮನಿ ನೆನಪಾಗ್ಯಾದ, ತಿರುಗಿ ಬಂದಾನ.”

ಅಯ್ಯನವರು ಚಹಾ ಮುಗಿಸಿ ಎದ್ದರು.

ಅಣ್ಣನಿಗೆ ಗೋಧಿ ಬೆಲ್ಲದ ಮಾದಲಿ ಅಂದರೆ ಜೀವವಂತೆ. ನನಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೆಲ್ಲದ ಪುಡಿ ಗಂಟಲಿಗೆ ಹತ್ತಿ ಕೆಮ್ಮು ಬರುತ್ತಿತ್ತು. ಹಬ್ಬ ಬಂದರೆ ಆಯಿ ಬಟ್ಟಲ ತುಂಬ ಹಾಕಿ, ಮೇಲೆ ಹಾಲು ಸುರಿದು ಎದುರು ಕೂರುತ್ತಿದ್ದಳು.

“ತಿನ್ನೋ. ಹ್ವಾದ ಸಲ ಮತ್ತ ಮತ್ತ ಹಾಕಿಸ್ಕೊಂಡು ತಿಂತಿದ್ದಿ.”

ಹೋದ ಸಲ ಅಂದರೆ ಹೋದ ಹಬ್ಬವಲ್ಲ, ಹೋದ ಜನ್ಮ. ನಾನು ತಿಂದೆ. ಮೂಗಿನಿಂದ ಹೊರಗೆ ಬರುವವರೆಗೂ ತಿಂದೆ. ಖಾರದ ಹಿಂಡಿ ಚಟ್ನಿ, ಪುಂಡಿಪಲ್ಯ ನನಗೆ ಇಷ್ಟ. ಅದನ್ನು ಹೇಳಿದರೆ ಆಯಿಯ ಮುಖ ಸಪ್ಪಗಾಗುತ್ತಿತ್ತು, ಅಣ್ಣನಿಗೆ ಖಾರ ಆಗುತ್ತಿರಲಿಲ್ಲವಲ್ಲ. ಬಳಗದ ಹೆಂಗಸರು ಬಂದಾಗ ನನ್ನ ಪರೀಕ್ಷೆ ನಡೆಯುತ್ತಿತ್ತು. ನಿನ್ನ ಬುಗುರಿ ಎಲ್ಲಿ ಮುಚ್ಚಿಟ್ಟಿದ್ದಿ ಹೇಳು, ನಿನಗೆ ಯಾವ ನಾಯಿ ಕಚ್ಚಿತ್ತು ಹೇಳು. ನಾನು ಪಟಪಟ ಹೇಳುತ್ತಿದ್ದೆ. ಹೆಂಗಸರು ಕೆನ್ನೆಗೆ ಕೈಯಿಟ್ಟುಕೊಂಡು ‘ಅಯ್ಯ ನಮ್ಮಪ್ಪ’ ಅಂದು ಲಟಿಕೆ ಮುರಿಯುತ್ತಿದ್ದರು. ಎಲ್ಲೋ ಕೇಳಿ ಕಲಿತದ್ದಿರಬೇಕು ಅಂತ ಈಗ ಅನಿಸುತ್ತದೆ. ಆಗ ನನಗೆ ಅವೆಲ್ಲ ನೆನಪೇ ಆಗಿದ್ದವು.

ಒಂದು ನೆನಪನ್ನು ಮಾತ್ರ ಯಾರೂ ನನ್ನಿಂದ ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಹಸಿರು ನೀರು. ಮೂಗಿನೊಳಗೆ ಉರಿ. ತಲೆಯ ಮೇಲೆ, ನೀರಿನ ಮೇಲ್ಗಡೆ, ಬಿಚ್ಚಿ ಹರಡಿಕೊಂಡ ಕೌದಿ, ಅದರ ಕೆಂಪು ನೀಲಿ ತೇಪೆಗಳ ನಡುವೆ ಬಿಸಿಲು. ಕೈ ಎತ್ತಿದರೆ ಕೌದಿ ಸಿಗಬೇಕು, ಸಿಗುತ್ತಿಲ್ಲ. ಎಲ್ಲೋ ಮೇಲಿನಿಂದ ದಪ್ ದಪ್ ಅಂತ ಬಟ್ಟೆ ಬಡಿಯುವ ಸದ್ದು. ಇದು ಕನಸಲ್ಲ. ಕನಸಾದರೆ ಎದ್ದಮೇಲೆ ಹೋಗಬೇಕಿತ್ತು. ಹಗಲು ಹೊತ್ತು, ಆಟದ ನಡುವೆ, ತುತ್ತು ಬಾಯಿಗೆ ಇಡುವಾಗ ಅದು ಬಂದು ಹೋಗುತ್ತಿತ್ತು. ನನ್ನನ್ನು ಒಂದು ಸಲವೂ ಖಣಿಯ ಹತ್ತಿರ ಬಿಟ್ಟವರಲ್ಲ, ಬಾವಿಯ ಕಟ್ಟೆ ಏರಲೂ ಬಿಟ್ಟವರಲ್ಲ. ಆದರೂ ಮುಳುಗಿ ಸಾಯುವುದು ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು. ಉಳಿದದ್ದೆಲ್ಲ ಹೆಂಗಸರ ಹುಚ್ಚು ಅಂತ ನಗಬಹುದಿತ್ತು. ಇದೊಂದಿತ್ತಲ್ಲ, ಹಾಗಾಗಿ ನಾನು ಶರಣುವೇ ಇರಬೇಕು ಅಂತ ಒಪ್ಪಿಕೊಂಡೆ. ಹಾಗಾದರೆ ಗುರುನಾಥ ಎಲ್ಲಿ ಹೋದ ಅನ್ನುವ ಅಂಜಿಕೆ ಮಾತ್ರ ಒಳಗೇ ಕೂತಿತು.

ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ನನ್ನನ್ನು ಶಾಲೆಗೆ ಹಾಕುವಾಗ. ಅಣ್ಣ ಓದಿದ್ದು ಚರ್ಚಿನವರ ಶಾಲೆಯಲ್ಲಿ. ಬಿಳಿ ಸೀರೆಯ ಸಿಸ್ಟರ್‌ಗಳು ನಡೆಸುವ ಶಾಲೆ, ಪಕ್ಕದಲ್ಲೇ ಅವರದೊಂದು ಸಣ್ಣ ದವಾಖಾನೆ. ಆಯಿ ಬೇಡವೇ ಬೇಡವೆಂದು ಹಟ ಹಿಡಿದಳು.

“ಆ ಸಾಲಿ ಬ್ಯಾಡ. ಸರ್ಕಾರಿ ಸಾಲಿ ಏನ್ ಸುಟ್ಟು ಹೋಗ್ಯಾದೇನು?”

“ಶರಣು ಓದಿದ ಸಾಲಿ ಅದು ಅತ್ತಿ. ಇಂವ ಶರಣೂನೇ ಇದ್ದ ಮ್ಯಾಲ ಅಲ್ಲೇ ಹೋಗಬೇಕಲ್ರಿ?”

ಅವ್ವ ಇದನ್ನು ತಲೆ ಬಗ್ಗಿಸಿ, ಸಮಾಧಾನದಿಂದಲೇ ಹೇಳಿದಳು. ಆಯಿ ತಾನೇ ತೋಡಿದ ಗುಂಡಿಯಲ್ಲಿ ಬಿದ್ದಳು. ಆಯಿಗೆ ಕಿರಿಸ್ತಾನರು ಆಗುವುದಿಲ್ಲ, ಅದಕ್ಕೇ ಈ ತಕರಾರು ಅಂತ ನಾನು ಅಂದುಕೊಂಡೆ. ಆದರೆ ಆಮೇಲೆ ನಡೆದದ್ದು ಬೇರೆ. ಪ್ರತಿ ಚಳಿಗಾಲ ಹೊಲದಿಂದ ಎಳೆಯ ಜೋಳದ ತೆನೆ ಬಂದ ಕೂಡಲೇ ಆಯಿ ಅದನ್ನು ಸುಟ್ಟು, ತಿಕ್ಕಿ, ಸೀತನಿ ಮಾಡಿ ಮೊದಲ ಗಂಟನ್ನು ಶಾಲೆಯ ಸಿಸ್ಟರ್ ಸೆಲಿನ್‌ಗೇ ಒಯ್ಯುತ್ತಿದ್ದಳು. ಜಗಲಿಯ ಮೇಲಿನ ದೇವರಿಗೆ ಆಮೇಲೆ. ಸಿಸ್ಟರ್ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ನನ್ನನ್ನು ಪಾಸು ಮಾಡಿಸಲಿಕ್ಕೆ ಆಯಿ ಕೊಡುವ ಲಂಚ ಅಂತ ನನಗೆ ನಾಚಿಕೆಯಾಗುತ್ತಿತ್ತು.

ಶಾಲೆಯ ಮೊದಲ ದಿನ ಅವ್ವ ಗೂಟದ ಮೇಲಿನ ಅಂಗಿಯನ್ನು ಇಳಿಸಿ ನನಗೆ ತೊಡಿಸಿದಳು. ತೋಳು ಉದ್ದವಾಯಿತು, ಎರಡು ಸುತ್ತು ಮಡಚಿದಳು. ಸಿಸ್ಟರ್ ಸೆಲಿನ್ ಹಾಜರಿ ಕರೆಯುತ್ತಾ ಗುರುನಾಥ ಅಂದರು. ಯಾರೂ ಓ ಅನ್ನಲಿಲ್ಲ. ಇನ್ನೊಮ್ಮೆ ಕರೆದರು. ಯಾರಪ್ಪ ಇವನು, ಮೊದಲ ದಿನವೇ ಬಂದಿಲ್ಲ ಅಂತ ನಾನೂ ಅತ್ತಿತ್ತ ನೋಡಿದೆ. ಅವರು ಎದ್ದು ನನ್ನ ಹತ್ತಿರ ಬಂದರು. ಮಂಗಳೂರಿನ ಕಡೆಯವರು, ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು.

“ನಿನ್ನ ಹೆಸರು ಏನು?”

“ಶರಣು.”

ಅವರು ಅಂಗಿಯ ಮಡಚಿದ ತೋಳು ನೋಡಿದರು. “ಶರಣು ದೇವರ ಹತ್ತಿರ ಇದ್ದಾನೆ. ಅವನಿಗೆ ಅ ಆ ಕಲಿಸಿದ್ದು ನಾನೇ, ನನಗೆ ಗೊತ್ತುಂಟು. ನೀನು ಯಾರು?”

ನನಗೆ ಅಳು ಬಂತು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ಸಿಸ್ಟರ್ ಸಮಾಧಾನ ಮಾಡಲೂ ಇಲ್ಲ. ‘ಅಳಬೇಡ, ನಾಳೆ ಮನೆಯಲ್ಲಿ ಕೇಳಿಕೊಂಡು ಬಾ’ ಅಂದು ಮುಂದಿನ ಹೆಸರು ಕರೆದರು. ಬಹಳ ಕಟ್ಟುನಿಟ್ಟಿನ ಹೆಂಗಸು. ಆದರೆ ಆ ಶಾಲೆಯ ಕಬ್ಬಿಣದ ಗೇಟು ದಾಟಿದ ಕೂಡಲೇ ನಾನು ಗುರುನಾಥನಾಗುತ್ತಿದ್ದೆ. ಗುರುನಾಥನಿಗೆ ಲೆಕ್ಕ ಬರುತ್ತಿತ್ತು, ಹಾಡಲು ಬರುತ್ತಿರಲಿಲ್ಲ. ಗುರುನಾಥ ಖಾರ ತಿನ್ನುತ್ತಿದ್ದ, ಬೈಗುಳ ಬೈಯುತ್ತಿದ್ದ, ಜಗಳಕ್ಕೆ ಹೋಗಿ ಹೊಡೆಸಿಕೊಂಡು ಬರುತ್ತಿದ್ದ. ಸಂಜೆ ಗಂಟೆ ಹೊಡೆದಾಗ ಎಲ್ಲ ಹುಡುಗರೂ ಕೂಗುತ್ತ ಓಡಿದರೆ ನಾನು ಕಾಲೆಳೆಯುತ್ತಿದ್ದೆ. ಮನೆಯಲ್ಲಿ ಇನ್ನೊಬ್ಬನಿಗಾಗಿ ಕಾಯುತ್ತಿದ್ದರು.

ಶಾಲೆ ಮುಗಿದ ಮೇಲೆ ನಾನು ಮಾಡದ ಕಸುಬಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಲಾರಿ ತೂಗುವ ಕೆಲಸ, ಚಿಮ್ಮನಚೋಡದಲ್ಲಿ ಮಾಸ್ತರಿಕೆ, ತೆಂಗಳಿಯಲ್ಲಿ ಒಬ್ಬ ಡಾಕ್ಟರ ಕೈಕೆಳಗೆ ಕಂಪೌಂಡರಿಕೆ, ಚಂದಾಪುರದಲ್ಲಿ ಫೋಟೋ ಸ್ಟುಡಿಯೋ, ಚಿತ್ತಾಪುರದಲ್ಲಿ ಮದುವೆಗಳಿಗೆ ಪೆಂಡಾಲು ಹಾಕಿಸುವ ದಂಧೆ, ಕೊನೆಗೆ ಸೇಡಂನಲ್ಲಿ ಬೀಜ ಗೊಬ್ಬರದ ಅಂಗಡಿ. ನಾಲ್ಕೂರಿನ ನೀರು ಕುಡಿದವನು ಅಂತ ಜನ ನಗುತ್ತಾರೆ, ನಗಲಿ. ಅವರಿಗೆ ಕಾರಣ ಗೊತ್ತಿಲ್ಲ. ಮಾಸ್ತರಿಕೆ ಸಿಕ್ಕ ದಿನ ಪೇಡೆ ತಂದುಕೊಟ್ಟರೆ ಆಯಿ, ‘ಶರಣು ಆವಾಗೇ ಅಂತಿದ್ದ, ನಾ ಮಾಸ್ತರ ಆಗ್ತೀನಿ ಅಂತ’ ಅಂದಳು. ಅದನ್ನು ಬಿಟ್ಟು ಕಂಪೌಂಡರಾದೆ. ‘ಹೌದಲ್ಲ, ಅಂವ ಗೊಂಬಿಗಿ ಸೂಜಿ ಚುಚ್ಚತಿದ್ದ.’ ಆಯಿ ತೀರಿಕೊಂಡ ಮೇಲೆ ಇದು ನಿಲ್ಲುತ್ತದೆ ಅಂದುಕೊಂಡೆ. ಸ್ಟುಡಿಯೋ ತೆರೆದ ದಿನ ಅವ್ವ ಬಾಗಿಲಿಗೆ ತೆಂಗಿನಕಾಯಿ ಒಡೆಸಿ, ‘ನಮ್ಮ ಶರಣುಗ ಫೋಟೋ ತಗಸ್ಕೊಳ್ಳೋದಂದ್ರ ಭಾಳ ಹೌಸ’ ಅಂದಳು. ಸತ್ತವನು ಆಸೆಪಡದ ಒಂದು ಕೆಲಸ ಈ ಸೀಮೆಯಲ್ಲಿ ಸಿಗಲಿಲ್ಲ ನನಗೆ. ಏಳು ವರ್ಷದ ಹುಡುಗ ಇಷ್ಟೆಲ್ಲ ಆಗಬೇಕೆಂದಿದ್ದನೇ? ಇರಬಹುದು. ಆ ವಯಸ್ಸಿನಲ್ಲಿ ಎಲ್ಲರೂ ಎಲ್ಲವೂ ಆಗಬೇಕೆನ್ನುತ್ತಾರೆ.

ಈಚೆಗೆ ಆ ಶಾಲೆಯ ವಾರ್ಷಿಕೋತ್ಸವವಾಯಿತು. ಈ ಸಲ ದೊಡ್ಡದಾಗಿ ಮಾಡಿ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆಸಿದ್ದರು. ಮಂಗಳೂರಿನಿಂದ ಸಿಸ್ಟರ್ ಸೆಲಿನ್‌ರನ್ನೂ ಕರೆತಂದಿದ್ದರು. ತೊಂಬತ್ತು ದಾಟಿದ ಮುದುಕಿ, ಗಾಲಿಕುರ್ಚಿಯಲ್ಲಿ ಒಂದು ಹಿಡಿಯಷ್ಟಾಗಿ ಕೂತಿದ್ದರು. ನಾನು ಬಗೆಬಗೆಯ ಕಸುಬು ಮಾಡಿದವನು, ನಗಿಸುತ್ತೇನೆ ಅಂತ ಗೆಳೆಯರು ನನ್ನನ್ನು ಮೈಕಿನ ಮುಂದೆ ನೂಕಿದರು. ‘ನಾನು ಈ ಶಾಲೆಗೆ ಎರಡು ಸಲ ಸೇರಿದವನು’ ಅಂತಲೇ ಶುರುಮಾಡಿದೆ. ಅಣ್ಣನ ಕಥೆ, ಮಸಿಯ ಬೊಟ್ಟು, ಕಿವಿಯ ಮಚ್ಚೆ, ಮಾದಲಿ, ಮೊದಲ ದಿನದ ಹಾಜರಿ ಎಲ್ಲ ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರಿನ ವಿಷಯ ಮಾತ್ರ ಹೇಳಲಿಲ್ಲ. ಕೆಳಗಿಳಿದಾಗ ಒಬ್ಬ ಹುಡುಗಿ ಬಂದು ಸಿಸ್ಟರ್ ಕರೆಯುತ್ತಾರೆ ಅಂದಳು. ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂತೆ.

“ಒಳ್ಳೆ ಕಥೆ ಹೇಳಿದಿ, ಗುರುನಾಥ,” ಅಂದರು. “ಆದರೆ ಅದು ಸುಳ್ಳು ಕಥೆ. ಆ ಮಚ್ಚೆ ಹುಟ್ಟಿನಿಂದ ಬಂದದ್ದಲ್ಲ. ನಿನ್ನ ಅಜ್ಜಿ ಸೂಜಿಯಲ್ಲಿ ಚುಚ್ಚಿ ಹಾಕಿದ ಹಚ್ಚೆ ಅದು.”

ಮುದುಕಿಗೆ ಅರಳುಮರಳು ಅಂದುಕೊಂಡೆ. ಆದರೆ ದನಿ ಹಾಜರಿ ಕರೆದ ದನಿಯೇ.

“ಸಂಜೆ ಹೊತ್ತು ನಾನು ದವಾಖಾನೆಯಲ್ಲಿ ಇರ್ತಿದ್ದೆ. ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಹಸುಗೂಸು ನೀನು. ಕಿವಿಯ ಹಿಂದೆ ಬಾತು ಕೀವಾಗಿತ್ತು. ನಾನು ತುಂಬ ಬೈದೆ. ಅವಳು ನನ್ನ ಕಾಲು ಹಿಡಿದಳು ಮಾರಾಯ, ನನ್ನ ಅಮ್ಮನ ಪ್ರಾಯದವಳು. ಸೊಸೆ ಮಗುವಿನ ಮುಖ ನೋಡ್ತಾ ಇಲ್ಲ, ಹಾಲು ಕೊಡ್ತಾ ಇಲ್ಲ, ಈ ಗುರುತು ನೋಡಿದರೆ ಕೊಡ್ತಾಳೆ, ಯಾರಿಗೂ ಹೇಳಬೇಡಿ ಅಂತ ಅತ್ತಳು. ನಾನು ಹೇಳಲಿಲ್ಲ. ಸುಳ್ಳು ಕೂಡ ಹೇಳಲಿಲ್ಲ, ಸುಮ್ಮನಿದ್ದೆ. ಎರಡೂ ಒಂದೇ ಅಲ್ಲ ಅಂತ ದೇವರಿಗೆ ಇಷ್ಟು ವರ್ಷ ಹೇಳ್ತಾ ಬಂದಿದ್ದೇನೆ. ಆದರೆ ನಿನ್ನನ್ನು ಆ ಹೆಸರಿನಿಂದ ಕರೆಯಲಿಕ್ಕೆ ನನ್ನಿಂದ ಆಗಲಿಲ್ಲ.”

ನನಗೆ ಬಂದದ್ದು ಮೊದಲು ಸಿಟ್ಟು. ಹಾಗಾದರೆ ಆ ಮಾದಲಿ, ಆ ಅಂಗಿ, ಆ ಪರೀಕ್ಷೆ, ಒಂದೊಂದು ಕಸುಬನ್ನು ಹಿಡಿದು ಒಂದೊಂದನ್ನು ಬಿಟ್ಟು ಊರೂರು ಅಲೆದದ್ದು ಎಲ್ಲ ಒಂದು ಸೂಜಿಯ ಮೊನೆಯಿಂದ! ಸೇಡಂಗೆ ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ವಾಡಿ ದಾಟುವವರೆಗೆ ಆಯಿಯನ್ನು ಮನಸ್ಸಿನಲ್ಲೇ ಬೈದೆ. ರಸ್ತೆಯ ಎರಡೂ ಕಡೆ ಹಳೆಯ ಖಣಿಗಳು, ಸಂಜೆಯ ಬಿಸಿಲಲ್ಲಿ ಅವುಗಳ ನೀರು ಹಸಿರಾಗಿ ಮಿನುಗುತ್ತಿತ್ತು. ನೋಡುತ್ತಿದ್ದ ಹಾಗೆಯೇ ಅದು ಬಂತು. ಮೂಗಿನೊಳಗೆ ಉರಿ, ಮೇಲೆ ತೇಲುವ ಕೌದಿ, ದಪ್ ದಪ್ ಸದ್ದು. ಮಚ್ಚೆ ಸುಳ್ಳಾದರೆ ಈ ನೀರು ಯಾರದು? ನಾನು ಶರಣು ಅಲ್ಲದಿದ್ದರೆ ಅವನು ನನ್ನೊಳಗೆ ಹೇಗೆ ಮುಳುಗುತ್ತಿದ್ದಾನೆ? ಚಿತ್ತಾಪುರದಲ್ಲಿ ಬಸ್ಸು ನಿಂತಾಗ ಇನ್ನೊಂದು ಚಿಂತೆ ಹತ್ತಿತು. ಅವ್ವ ಸೇಡಂನಲ್ಲಿ ನನ್ನ ಮನೆಯಲ್ಲೇ ಇದ್ದಾಳೆ, ತೊಂಬತ್ತರ ಹತ್ತಿರದವಳು. ಅವಳಿಗೆ ಇದನ್ನು ಹೇಳಿದರೆ ಅವಳ ಹಿರಿಯ ಮಗ ಈಗ ಎರಡನೇ ಸಲ ಸಾಯುತ್ತಾನೆ. ಹೇಳದಿದ್ದರೆ ನಾನು ಸಾಯುವವರೆಗೂ ಅವಳ ಪಾಲಿಗೆ ಹುಟ್ಟುವುದೇ ಇಲ್ಲ. ನನ್ನ ತಾಯಿ ಒಂದೇ ಒಂದು ಸಲ ನನ್ನನ್ನು ನಾನೆಂದು ನೋಡಬೇಕು ಅನ್ನುವ ಆಸೆ ಈ ವಯಸ್ಸಿನಲ್ಲೂ ಇತ್ತು. ಅದನ್ನು ಬರೆಯಲು ನಾಚಿಕೆಯಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಅಂಗಳದ ಎಳೆಬಿಸಿಲಿನಲ್ಲಿ ಕೂತು ಕುದಿಸಿದ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದಳು.

“ಸಾಲಿ ಹೆಂಗ ಅದ?”

“ಚಲೋ ಅದ. ದೊಡ್ಡದು ಕಟ್ಟ್ಯಾರ. ಸಿಸ್ಟರ್ ಸೆಲಿನ್ ಬಂದಿದ್ರು.”

“ಇನ್ನಾ ಇದ್ದಾಳ ಆ ಮಂಗಳೂರಾಕಿ?” ಅವ್ವನ ಬೆರಳು ನಿಂತವು. ನನ್ನ ಮುಖ ನೋಡಿದಳು. “ಹೇಳಿಬಿಟ್ಟಳೇನು?”

ನನ್ನ ಕೈ ಬಲಗಿವಿಯ ಹಿಂದಕ್ಕೆ ಹೋಯಿತು.

“ನಿನ್ನ ಕಿವಿ ಹಿಂದ ನೀಲಿ ದವಾ ಹಚ್ಚಿದ್ದು ಇನ್ನಾ ಹೋಗಿದ್ದಿಲ್ಲ,” ಅಂದಳು ಅವ್ವ. “ಅದು ಅವರ ದವಾಖಾನಿ ಬಿಟ್ಟು ಊರಾಗ ಮತ್ತೆಲ್ಲೂ ಸಿಗ್ತಿದ್ದಿಲ್ಲ. ಮತ್ತ ಆ ಮಸಿ ನಾ ನೋಡಿದ್ನಲ್ಲೋ. ಶರಣುಗ ಕುಂದ್ರಿಸಿದಾಗ ಅತ್ತಿ ಅವನ ಎದುರಿಗಿ ಕುಂತು ಬೊಟ್ಟು ಇಟ್ಟಾಳ. ಎದುರಿಗಿ ಕುಂತ್ರ ನಮ್ಮ ಬಲಗೈ ಕಡಿ ಬರೋದು ಅವನ ಎಡಗಿವಿ. ಮುಂದ ನಿನಗ ತೊಡಿ ಮ್ಯಾಲ ಬೋರಲ ಹಾಕ್ಕೊಂಡು, ಅದೇ ಬಲಗೈ ಕಡಿ ಅಂತ ಚುಚ್ಯಾಳ. ನಿಂದು ಬಲಗಿವಿ ಆತು. ಗಾಬರಿಯಾಗಿನ ಹೆಂಗಸು, ತಿಳೀಲಿಲ್ಲ ಅಕಿಗಿ.”

“ಗೊತ್ತಿದ್ದೂ ಸುಮ್ನಾದಿ?”

“ಅತ್ತಿ ಕೈ ನಡುಗಾಕತ್ತಿದ್ವು. ನಿನಗ ಹಿಡಕೊಂಡು ನಿಂತಿದ್ಳಲ್ಲ, ನೀನೂ ಆ ಕೈಯಾಗಿಂದ ಜಾರಿ ಬೀಳ್ತಿ ಅನಸ್ತು. ಕೈಯಾಗಿನ ಕೂಸು ಕಳಕೊಂಡಾಕಿ ಅಕಿ. ತಿರುಗಿ ಬಂದಾನ ಅಂತ ನಾ ಅನಲಿಲ್ಲಂದ್ರ ಅವತ್ತೇ ಖಣಿಗಿ ಹೋಗಿ ಬೀಳ್ತಿದ್ಳು. ಇಸ್ಕೊಂಡೆ.”

ನಾನು ಯಾರಿಗೂ ಹೇಳದ ನೀರಿನ ವಿಷಯವನ್ನು ಆಗ ಅವ್ವನಿಗೆ ಹೇಳಿದೆ. ಕೌದಿ, ಬಿಸಿಲು, ಸದ್ದು, ಮೂಗಿನ ಉರಿ. ಇದು ಎಲ್ಲಿಂದ ಬಂತು ಹಾಗಾದರೆ ಅಂತ ಕೇಳಿದೆ. ಅವ್ವನಿಗೆ ಆಶ್ಚರ್ಯವಾಗಲಿಲ್ಲ.

“ದಿನಾ ನಿನಗ ಎಣ್ಣಿ ತಿಕ್ಕಿ, ಎರದು ಮಲಗಸ್ಕೊಂತ ಅತ್ತಿ ಎಲ್ಲಾ ಹೇಳ್ತಿದ್ಳು. ಕೌದಿ ತೇಲಾಡಿದ್ದು, ಆಚಿ ದಂಡಿಗಿ ಬ್ಯಾರೆ ಹೆಂಗಸರು ಬಟ್ಟಿ ಬಡಿಯೋದು ಕೇಳಿದ್ದು, ತಾ ಕಣ್ಣ ಬಿಟ್ಟು ಹುಡುಕಿದ್ದು, ಮೂಗಿನಾಗ ನೀರು ಹೋಗಿ ಉರದದ್ದು. ಅಕಿನೂ ಜಿಗದಿದ್ಳಲ್ಲ ನೀರಾಗ. ನಾ ಬಾಗಿಲ ಹಿಂದ ನಿಂತು ಕೇಳ್ತಿದ್ದೆ. ನೀ ನಡದಾಡೋ ತನಕಾ ಹೇಳಿದ್ಳು. ಮಂದಿ ಮುಂದ ಹೆಂಗ ಹೇಳಬೇಕಪಾ ಅದನ್ನ? ಕೂಸಿನ ಮುಂದ ಹೇಳಿದ್ಳು.”

ಅಣ್ಣನ ಸಾವು ಅಂದುಕೊಂಡು ಇಷ್ಟು ವರ್ಷ ಹೊತ್ತದ್ದು ಆಯಿಯ ನೆನಪಾಗಿತ್ತು. ಬೈದದ್ದಕ್ಕೆ ಈಗ ಸಂಕಟವಾಯಿತು. ಅವಳಿಗೆ ಈಜು ಬರುತ್ತಿರಲಿಲ್ಲ ಅಂತ ನನಗೆ ಗೊತ್ತು. ಯಾರು ಅವಳನ್ನು ಎಳೆದು ದಂಡೆಗೆ ಹಾಕಿದರೋ, ಯಾಕೆ ಅದನ್ನು ಯಾರೂ ಹೇಳಲಿಲ್ಲವೋ. ಅವಳು ಹೋಗಿ ಎಷ್ಟೋ ಕಾಲವಾಯಿತು. ಆದರೆ ಒಂದು ಮಾತು ಇನ್ನೂ ಉಳಿದಿತ್ತು.

“ಆಯಿ ಇರೋತನಕಾ ಸರಿ ಅವ್ವ. ಆಯಿ ಹೋದ ಮ್ಯಾಲ ಯಾಕ? ನಿನಗ ಗೊತ್ತಿತ್ತು ನಾ ಅಂವ ಅಲ್ಲಂತ. ಮತ್ಯಾಕ ಶರಣು ಶರಣು ಅಂತ ಕರದಿ ನನಗ?”

ಅವ್ವ ತೊಗರಿಯ ಸಿಪ್ಪೆಗಳನ್ನು ಮೊರದ ಒಂದು ಮೂಲೆಗೆ ಸರಿಸಿದಳು.

“ಹೆಸರು ಹಿಡದು ಕರದ್ರ ಯಾರರೆ ಓ ಅನಬೇಕಲ್ಲಪಾ. ಎಲ್ಲಾರೂ ಮಕ್ಕಳಿಗಿ ಕರೀತಾರ. ಅವನ ಹೆಸರು ನನ್ನ ಬಾಯಾಗ ಹಂಗೇ ಉಳದಿತ್ತು, ಕರೀಲಿಕ್ಕ ಅಂವ ಇಲ್ಲ. ಶರಣು ಅಂದ್ರ ನೀ ಒಳಗಿಂದ ಓ ಅಂತಿದ್ದಿ. ಆ ಓ ಕೇಳೋ ಸಲುವಾಗಿ ಕರದೆ. ನೀ ನೀನೇ ಇದ್ದಿ. ನಾ ಯಾವಾಗ ಇಲ್ಲಂದೀನಿ? ಖಾರ ಹಿಂಡಿ ಅತ್ತಿ ಕಣ್ಣು ತಪ್ಪಿಸಿ ರೊಟ್ಟ್ಯಾಗ ಸುತ್ತಿ ಸಾಲಿಗಿ ಯಾರು ಕೊಟ್ಟು ಕಳಸ್ತಿದ್ರು?”

ಹೌದು. ಕೊಡುತ್ತಿದ್ದಳು. ನಾನು ಅದನ್ನು ತಿಂದಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದು ನೋಡಿ ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು, ಸಣ್ಣವರಿಗೆ ಒರೆಸುವ ಹಾಗೆ ಒರಟಾಗಿ.

“ಸಿಟ್ಟದ ಏನು ನಿನಗ? ಇನ್ನ ಮ್ಯಾಲ ನಿನ್ನ ಹೆಸರಲೇ ಕರೀತೀನಿ, ಆತಿಲ್ಲ?”

ಅವಳು ನೆಟ್ಟಗೆ ಕೂತಳು. ಎಳೆಯ ಮಗುವನ್ನು ಆಟದಿಂದ ಊಟಕ್ಕೆ ಕರೆಯುವಂತೆ ಬಾಗಿಲ ಕಡೆ ಮುಖ ಮಾಡಿ, ಇದ್ದಷ್ಟು ದನಿ ಎತ್ತಿ ಕರೆದಳು.

“ಗುರುನಾಥಾ!”

ಜೀವಮಾನವಿಡೀ ಕಾದಿದ್ದ ಕರೆ ಅದು. ನಾನು ಅವಳ ಮಗ್ಗುಲಲ್ಲೇ ಕೂತಿದ್ದೆ. ಯಾರನ್ನೋ ಕರೆಯುತ್ತಿದ್ದಾಳೆ, ಬರಲಿ ಅಂತ ನಾನೂ ಬಾಗಿಲ ಕಡೆಗೇ ನೋಡಿದೆ.

“ನೋಡಿದಿ?” ಅಂದಳು ಅವ್ವ. “ಓ ಅನಲಿಲ್ಲ ನೀ.”